ಹುಲ್ಲಿಗೂ ಬಿಡುವು ಬೇಕು: ಮಣ್ಣು ಉಳಿಸುವ ಮೇಯಿಕೆ, ಮೇವಿನ ನಾಟಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಕಡೂರು ತಾಲ್ಲೂಕಿನಲ್ಲಿ ನಮ್ಮದು ಹನ್ನೊಂದು ಎಕರೆ ಖುಷ್ಕಿ. ಆಷಾಢದಲ್ಲಿ ಪಶ್ಚಿಮಕ್ಕೆ ತಿರುಗಿ ನಿಂತರೆ ಬಾಬಾಬುಡನ್‌ಗಿರಿ ಸಾಲಿನ ಮೇಲೆ ಮಳೆ ಸುರಿಯುವುದು ಕಣ್ಣಿಗೆ ಕಾಣುತ್ತದೆ, ನಮ್ಮ ಹೊಲಕ್ಕೆ ಬರುವುದು ಬರೀ ಗಾಳಿ. ಏಳು ಎಕರೆಯನ್ನು ಹುಲ್ಲಿಗೆ ಬಿಟ್ಟು ಅರ್ಧರ್ಧ ಎಕರೆಯ ಹದಿನಾಲ್ಕು ತಾಕು ಮಾಡಿದ್ದೇವೆ. ಅಲ್ಲಿ ಮೇಯುವುದು ಮೂರು ಹಳ್ಳಿಕಾರ್ ಹಸು, ಹತ್ತು ಕುರಿ. ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸುಗಳಿವೆ. ಹೊಲ ನೋಡಲು ಬಂದವರು, ಡೇರಿಯಲ್ಲಿ ಹಾಲು ಹಾಕುವಾಗ ಸಿಕ್ಕವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಬಯಲುಸೀಮೆಯ ಮಾತೇ ಹೆಚ್ಚು. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಬೇರೆ ಮಾತು ಬೇಕಾದಲ್ಲಿ ಅದನ್ನೂ ಹೇಳಿದ್ದೇನೆ.

ಪುನಶ್ಚೇತನ ಮೇಯಿಕೆ ಎಂದರೆ ಏನು? ಹೊರದೇಶದಿಂದ ಬಂದ ಪದ್ಧತಿಯೇ?

ಒಂದು ಕಡೆ ದನ ಮೇದ ಮೇಲೆ ಅಲ್ಲಿನ ಹುಲ್ಲು ಪೂರ್ತಿ ಚೇತರಿಸಿಕೊಳ್ಳುವವರೆಗೆ ಮತ್ತೆ ಅಲ್ಲಿಗೆ ದನ ಬಿಡದಿರುವುದು. ಇದರ ಜೊತೆಗೆ ಮಣ್ಣನ್ನು ಬರಿದಾಗಿ ಬಿಡದಿರುವುದು, ಹುಲ್ಲು, ದ್ವಿದಳ, ಮರ ಮೂರನ್ನೂ ಒಂದೇ ನೆಲದಲ್ಲಿ ಬೆಳೆಸುವುದು, ಸಗಣಿ ಗಂಜಲ ಬಿದ್ದ ಕಡೆಯೇ ಮಣ್ಣಿಗೆ ಸೇರುವಂತೆ ನೋಡಿಕೊಳ್ಳುವುದು. ಉಳಿದದ್ದೆಲ್ಲ ಇದರ ವಿವರ.

1950ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ವಾಸಿನ್ ಅವರು ಹುಲ್ಲಿಗೆ ಕೊಡುವ ಬಿಡುವಿನ ಲೆಕ್ಕವನ್ನು ಬರೆದಿಟ್ಟರು. ಆಮೇಲೆ ಜಿಂಬಾಬ್ವೆಯ ಅಲನ್ ಸೇವರಿ ಅದೇ ದಾರಿಯಲ್ಲಿ ಹೆಸರು ಮಾಡಿದರು. ಆದರೆ ನಮ್ಮ ಜಿಲ್ಲೆಯವರಿಗೆ ಇದು ಅಪರಿಚಿತ ಸಂಗತಿಯಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆಯೇ, ಟಿಪ್ಪು ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆಂದು ಮೀಸಲಿಟ್ಟ ಕಾವಲುಗಳನ್ನು (ಹುಲ್ಲುಗಾವಲುಗಳನ್ನು) ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ವಿಂಗಡಿಸಿದ್ದರು. ಬೇಸಗೆಯ ಕಾವಲಿಗೆ ಬೆಲೆ ಹೆಚ್ಚು, ಏಕೆಂದರೆ ಅಲ್ಲಿ ಮರದ ನೆರಳಿತ್ತು, ಕೆರೆಯ ನೀರು ಹಿಂದೆ ಸರಿದಂತೆ ಅಂಗಳದಲ್ಲಿ ಹಸಿರು ಚಿಗುರುತ್ತಿತ್ತು. ದನದ ಮಂದೆ ಕಾಲಕ್ಕೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಬಿಟ್ಟು ಹೋದ ಕಾವಲು ಚಿಗುರುತ್ತಿತ್ತು. ಅಜ್ಜಂಪುರ, ಬೀರೂರು ಸುತ್ತಿನ ಹಿರಿಯರಿಗೆ ಇದು ಕೇಳಿ ಗೊತ್ತಿರುವ ಸಂಗತಿ. ನಮ್ಮ ತಾಲ್ಲೂಕಿನ ಬಾಸೂರು ಕಾವಲು ಈಗ ಕೃಷ್ಣಮೃಗಗಳ ಸಂರಕ್ಷಿತ ತಾಣ. ಅದರ ಅಂಚಿನಲ್ಲಿ ಹಾದು ಹೋಗುವಾಗ ಒಮ್ಮೆ ಇಳಿದು ನೋಡಿ. ಉತ್ತು ಬಿತ್ತದ ನೆಲದಲ್ಲಿ ಹುಲ್ಲು ಹೇಗೆ ಗಂಟುಗಂಟಾಗಿ ನಿಂತಿರುತ್ತದೆ ಎಂಬುದು ತಿಳಿಯುತ್ತದೆ.

ಬಿಡುವು ಕೊಟ್ಟ ಮಾತ್ರಕ್ಕೆ ಹುಲ್ಲು ಹೆಚ್ಚುತ್ತದೆಯೇ?

ಹೆಚ್ಚುತ್ತದೆ. ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ದಿನಾ ದನ ಓಡಾಡುವ ಓಣಿಯ ಬದಿಯಲ್ಲಿ ಒಂದು ಬುಡ ಹುಲ್ಲನ್ನು ಸನಿಕೆಯಿಂದ ಮಣ್ಣು ಸಮೇತ ಎತ್ತಿ. ಬೇಲಿಯೊಳಗೆ, ದನದ ಬಾಯಿಗೆ ಸಿಗದ ಕಡೆ, ಅದೇ ಜಾತಿಯ ಇನ್ನೊಂದು ಬುಡ ಎತ್ತಿ. ಎರಡನ್ನೂ ಬಕೆಟ್ ನೀರಿನಲ್ಲಿ ತೊಳೆದು ಪಕ್ಕಪಕ್ಕದಲ್ಲಿ ಗೋಣಿಚೀಲದ ಮೇಲೆ ಹರಡಿ. ಓಣಿಯ ಹುಲ್ಲಿನ ಬೇರು ಬೆರಳುದ್ದವೂ ಇರುವುದಿಲ್ಲ, ಹಲ್ಲುಜ್ಜುವ ಬ್ರಷ್‌ನಂತೆ ಮೊಂಡಾಗಿರುತ್ತದೆ. ಬೇಲಿಯೊಳಗಿನದು ಗೇಣು ದಾಟಿ ಇಳಿದಿರುತ್ತದೆ, ಬೇರಿಗೆ ಮಣ್ಣಿನ ಹರಳು ಅಂಟಿಕೊಂಡಿರುತ್ತದೆ. ನನಗೆ ಎಲ್ಲ ವಿವರಣೆಗಿಂತ ಹೆಚ್ಚು ಕಲಿಸಿದ್ದು ಆ ಗೋಣಿಚೀಲ.

ಕಾರಣ ಸರಳ. ಹುಲ್ಲು ತನ್ನ ಎಲೆಯಿಂದ ಬೇರನ್ನು ಸಾಕುತ್ತದೆ. ಅರ್ಧಕ್ಕಿಂತ ಹೆಚ್ಚು ಎಲೆ ಕಳೆದುಕೊಂಡರೆ ಬೇರಿನ ಬೆಳವಣಿಗೆ ಕುಂಠಿತವಾಗುತ್ತದೆ. ಬೋಳಾಗಿ ಮೇಯಿಸಿದರೆ ಹಲವು ದಿನ ಬೇರು ಬೆಳೆಯುವುದೇ ಇಲ್ಲ. ಆಗ ಗಿಡ ಬುಡದಲ್ಲಿ ಕೂಡಿಟ್ಟ ಗಂಟನ್ನು ಒಡೆದು ಹೊಸ ಚಿಗುರು ತೆಗೆಯುತ್ತದೆ. ಆ ಎಳೆ ಚಿಗುರನ್ನೂ ದನ ಕಚ್ಚಿದರೆ ಗಿಡದ ಬಳಿ ಏನೂ ಉಳಿಯುವುದಿಲ್ಲ. ದಿನಾ ಒಂದೇ ಕಡೆ ಮೇಯಿಸಿದಾಗ ಆಗುವುದು ಇದೇ. ದನಕ್ಕೆ ರುಚಿಯಾದ ಹುಲ್ಲು ಮೊದಲು ಸಾಯುತ್ತದೆ, ಮೂಸಿ ಬಿಡುವ ಹುಲ್ಲು ಜಾಗ ಹಿಡಿಯುತ್ತದೆ.

ಎಷ್ಟು ದಿನದ ಬಿಡುವು?

ಹುಲ್ಲು ಬೇಗ ಬೆಳೆಯುವಾಗ ಕಡಿಮೆ, ನಿಧಾನವಾಗಿ ಬೆಳೆಯುವಾಗ ಹೆಚ್ಚು. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮಳೆ ಕೈಕೊಟ್ಟು ಮೇವು ಕಡಿಮೆಯಾದಾಗ ಗಾಬರಿಯಿಂದ ತಾಕುಗಳನ್ನು ಬೇಗಬೇಗ ಸುತ್ತಿಸುತ್ತಾರೆ. ಬಿಡುವನ್ನು ಹೆಚ್ಚಿಸಬೇಕಾದ ಹೊತ್ತಿನಲ್ಲೇ ಕಡಿಮೆ ಮಾಡಿದಂತಾಗುತ್ತದೆ.

ನಮ್ಮಲ್ಲಿ ಮುಂಗಾರು ಹದವಾಗಿದ್ದಾಗ 30 ದಿನ ಸಾಕಾಗುತ್ತದೆ. ಮಳೆ ಎಡೆಬಿಟ್ಟರೆ 40, 45. ಹಿಂಗಾರು ಮುಗಿದು ಇಬ್ಬನಿ ಬೀಳತೊಡಗಿದ ಮೇಲೆ 60. ಪುಷ್ಯಮಾಸದಿಂದ ಮುಂದೆ ಹುಲ್ಲು ಬೆಳೆಯುವುದಿಲ್ಲ, ಆಗ ದಿನ ಎಣಿಸುವುದರಲ್ಲಿ ಅರ್ಥವಿಲ್ಲ, ನಿಂತದ್ದನ್ನು ಹಂಚಿಕೊಂಡು ಮೇಯಿಸುವುದಷ್ಟೇ.

ಕ್ಯಾಲೆಂಡರ್‌ಗಿಂತ ಕೈ ಅಳತೆ ನಂಬಿ: ಗೇಣುದ್ದ ಬೆಳೆದಾಗ ದನ ಒಳಗೆ, ನಾಲ್ಕು ಬೆರಳು ಉಳಿದಾಗ ಹೊರಗೆ. ಗರಿಕೆಯಂತಹ ನೆಲ ಹಿಡಿದು ಹರಡುವ ಹುಲ್ಲಿಗೆ ಈ ಅಳತೆ ಹೊಂದುವುದಿಲ್ಲ, ಅದು ಗಿಡ್ಡವಾಗಿಯೇ ತಾಳಿಕೊಳ್ಳುತ್ತದೆ. ಒಂದು ತಾಕಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ. ಮಳೆಗಾಲದಲ್ಲಿ ನಾಲ್ಕನೆಯ ದಿನದ ಹೊತ್ತಿಗೆ, ಮೊದಲ ದಿನ ಮೇದ ಬುಡದಲ್ಲಿ ಚಿಗುರು ಕಾಣಿಸುತ್ತದೆ, ದನ ಅದನ್ನೇ ಹುಡುಕಿ ತಿನ್ನುತ್ತದೆ. ಹದಿನಾಲ್ಕು ತಾಕು, ತಾಕಿಗೆ ಮೂರು ದಿನ ಎಂದರೆ ಒಂದು ಸುತ್ತಿಗೆ 42 ದಿನ. ಮಳೆ ಚೆನ್ನಾಗಿದ್ದ ವರ್ಷ ನಾಲ್ಕೈದು ತಾಕುಗಳನ್ನು ಸುತ್ತಿನಿಂದ ಬಿಟ್ಟು ಹುಲ್ಲು ಕೊಯ್ದು ಒಣಗಿಸುತ್ತೇವೆ. ಪ್ರತಿವರ್ಷ ಎರಡು ತಾಕುಗಳನ್ನು ಬೀಜ ಉದುರುವವರೆಗೆ ಮುಟ್ಟುವುದಿಲ್ಲ. ಮುಂದಿನ ವರ್ಷ ಬೇರೆ ಎರಡು.

ನನ್ನ ನೆಲಕ್ಕೆ ಎಷ್ಟು ದನ ತಡೆಯುತ್ತದೆ?

ಊಹೆ ಬೇಡ, ತೂಗಿ ನೋಡಿ. ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿ. ತಾಕಿನ ನಾಲ್ಕೈದು ಕಡೆ ಅದನ್ನು ಕಣ್ಣು ಮುಚ್ಚಿ ಎಸೆದು, ಬಿದ್ದ ಕಡೆ ಕುಡುಗೋಲಿನಿಂದ ಬುಡಕ್ಕೆ ಕೊಯ್ಯಿರಿ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ ತೂಗಿ, ಸರಾಸರಿ ತೆಗೆಯಿರಿ.

ಚೌಕಕ್ಕೆ 150 ಗ್ರಾಂ ಬಂತು ಎನ್ನಿ. ಎಕರೆಗೆ ಸುಮಾರು 600 ಕಿಲೋ. ಅರ್ಧವನ್ನು ಗಿಡಕ್ಕೇ ಬಿಡಬೇಕು, ದನಕ್ಕೆ ಉಳಿಯುವುದು 300. ಮುನ್ನೂರು ಕಿಲೋ ತೂಕದ ನಾಟಿ ಹಸು ದಿನಕ್ಕೆ ತನ್ನ ತೂಕದ ನೂರಕ್ಕೆ ಎರಡೂವರೆ ಪಾಲು, ಅಂದರೆ ಏಳೂವರೆ ಕಿಲೋ ಒಣಲೆಕ್ಕದ ಮೇವು ತಿನ್ನುತ್ತದೆ. ಅಲ್ಲಿಗೆ ಆ ಎಕರೆ ಒಂದು ಹಸುವಿಗೆ ಒಂದು ಸುತ್ತಿನಲ್ಲಿ 40 ದಿನದ ಮೇವು. ಮುಂಗಾರಿನಿಂದ ಹಿಂಗಾರಿನವರೆಗೆ ಮೂರು ಸುತ್ತು ಸಿಕ್ಕಿದರೆ 120 ದಿನ. ಐದಾರು ಕುರಿಯನ್ನು ಒಂದು ಹಸುವಿಗೆ ಸಮವೆಂದು ಹಿಡಿಯಿರಿ.

ಈ ಲೆಕ್ಕ ಹಾಕಿದ ವರ್ಷ ನಾವು ಎರಡು ದನ ಮಾರಿದೆವು. ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಆದರೆ ನೆಲಕ್ಕೆ ಆಗದಷ್ಟು ದನ ಇಟ್ಟುಕೊಂಡು ಎಷ್ಟು ತಾಕು ಮಾಡಿದರೂ ಬಿಡುವು ಸಿಗುವುದಿಲ್ಲ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ನನ್ನದು ಎರಡೇ ಎಕರೆ, ಹಸುಗಳೆಲ್ಲ ಮಿಶ್ರತಳಿ, ಕೊಟ್ಟಿಗೆಯಲ್ಲೇ ಕಟ್ಟಿ ಸಾಕುತ್ತೇನೆ. ನನಗೆ ಇದರಲ್ಲಿ ಏನಿದೆ?

ಹಾಸನ ಜಿಲ್ಲೆಯ ಹಾಲು ಉತ್ಪಾದಕರಲ್ಲಿ ಬಹಳ ಮಂದಿಯ ಸ್ಥಿತಿ ಇದೇ. ನೀವು ಹಸುವನ್ನು ಹುಲ್ಲಿನ ಬಳಿಗೆ ಒಯ್ಯುವ ಬದಲು ಹುಲ್ಲನ್ನು ಹಸುವಿನ ಬಳಿಗೆ ತರುತ್ತೀರಿ. ಹಾಗಾದರೆ ಸಗಣಿ, ಗಂಜಲ ಮತ್ತೆ ಅದೇ ಮೇವಿನ ಹೊಲಕ್ಕೆ ಹೋಗಲೇಬೇಕು. ಮೇವೆಲ್ಲ ಒಂದು ಹೊಲದಿಂದ, ಗೊಬ್ಬರವೆಲ್ಲ ಶುಂಠಿ, ಆಲೂಗೆಡ್ಡೆ ಹೊಲಕ್ಕೆ ಎಂದರೆ ಮೇವಿನ ಹೊಲ ನಾಲ್ಕೈದು ವರ್ಷಕ್ಕೆ ಸೋಲುತ್ತದೆ. ನೇಪಿಯರ್ ಹುಲ್ಲಿನ ಎರಡು ಸಾಲಿನ ನಡುವೆ ಅಲಸಂದೆ ಹಾಕಿ, ಬದುವಿನಲ್ಲಿ ಗ್ಲಿರಿಸಿಡಿಯಾ, ಅಗಸೆ, ನುಗ್ಗೆ ಮರ ಬೆಳೆಸಿ. ಹಸುಗಳನ್ನು ದಿನಕ್ಕೆ ಒಂದೆರಡು ಗಂಟೆಯಾದರೂ ಬಯಲಿನಲ್ಲಿ ಬಿಡಿ, ಗೊರಸಿಗೂ ಒಳ್ಳೆಯದು.

ಹಾಲು ಕಡಿಮೆಯಾಗುವುದಿಲ್ಲವೇ?

ಹದಿನೈದು ಇಪ್ಪತ್ತು ಲೀಟರ್ ಕೊಡುವ ಹಸುವನ್ನು ಬರೀ ಬಯಲು ಹುಲ್ಲಿನ ಮೇಲೆ ಬಿಟ್ಟರೆ ಖಂಡಿತ ಇಳಿಯುತ್ತದೆ, ಹಸುವೂ ಸೊರಗುತ್ತದೆ. ಹಿಂಡಿ, ಖನಿಜ ಮಿಶ್ರಣ ನಿಲ್ಲಿಸಬೇಡಿ. ದ್ವಿದಳ ಮೇವು ಹೆಚ್ಚಿದಂತೆ ಹಿಂಡಿಯನ್ನು ಸ್ವಲ್ಪಸ್ವಲ್ಪವೇ ಇಳಿಸಿ, ಡೇರಿಯ ಕೊಬ್ಬಿನ ಅಂಶದ ಚೀಟಿ ನೋಡುತ್ತಾ ಮುಂದುವರಿಯಿರಿ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ಇಂತಹ ಮೇಯಿಕೆಗೆ ಹೇಳಿ ಮಾಡಿಸಿದ ತಳಿಗಳು, ಆದರೆ ಅವುಗಳಿಂದ ಡೇರಿ ನಡೆಯುವುದಿಲ್ಲ. ಎರಡನ್ನೂ ಇಟ್ಟುಕೊಂಡದ್ದು ನಮ್ಮ ಉತ್ತರ.

ಬೇಲಿ ಹೇಗೆ? ಐಬೆಕ್ಸ್ ಬೇಲಿ (ಪೆಟ್ಟು ಕೊಡುವ ವಿದ್ಯುತ್ ಬೇಲಿ) ಹಾಕಿಸಬೇಕೇ?

ಸೌರಶಕ್ತಿಯ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ವಿದ್ಯುತ್ ಹರಿಸುವ ಪೆಟ್ಟಿಗೆ), ಒಂದು ಎಳೆ ತಂತಿ, ಎತ್ತಿ ನೆಡಬಹುದಾದ ಗೂಟ ಇದ್ದರೆ ತಾಕು ಬದಲಿಸುವುದು ಕಾಲು ಗಂಟೆಯ ಕೆಲಸ. ಸುತ್ತಲ ಗಡಿಗೆ ಮಾತ್ರ ಗಟ್ಟಿ ಬೇಲಿ ಇರಲಿ. ನಾವು ಕತ್ತಾಳೆ ಮತ್ತು ಗ್ಲಿರಿಸಿಡಿಯಾ ಬೇಲಿ ಹಾಕಿದೆವು, ದಟ್ಟವಾಗಲು ನಾಲ್ಕು ವರ್ಷ ಹಿಡಿಯಿತು. ಮೊದಲ ವರ್ಷ ಒಬ್ಬ ದನಗಾಹಿ, ಒಂದು ಕೋಲು, ಸುಣ್ಣದಲ್ಲಿ ಎಳೆದ ಗೆರೆ, ಇಷ್ಟರಲ್ಲೇ ಮುಗಿಯಿತು. ಕುರಿಗೆ ಒಂದು ಎಳೆ ಸಾಲದು, ಬಲೆ ಬೇಕು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. ಮನೆಯ ಅಥವಾ ಪಂಪ್‌ಸೆಟ್ಟಿನ ಕರೆಂಟನ್ನು ನೇರವಾಗಿ ತಂತಿಗೆ ಕೊಡಬೇಡಿ. ಎನರ್ಜೈಸರ್ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಪೆಟ್ಟು ಕೊಡುತ್ತದೆ, ಮುಟ್ಟಿದ ಜೀವ ಹಿಂದೆ ಸರಿಯುತ್ತದೆ. ನೇರ ಕರೆಂಟು ಹಿಡಿದು ಕೊಲ್ಲುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆ ಓಡಾಡುವ ನೆಲ, ಅಲ್ಲಿ ಇಂತಹ ತಂತಿಗೆ ಆನೆಯೂ ಬಲಿಯಾಗುತ್ತದೆ, ಮುಂಜಾನೆ ನೀರು ಕಟ್ಟಲು ಹೋದ ಮನೆಯವರೂ ಬಲಿಯಾಗುತ್ತಾರೆ. ಇದು ಅಪರಾಧವೂ ಹೌದು.

ನೀರಿನ ವ್ಯವಸ್ಥೆ?

ನೀರು ದನದ ಬಳಿಗೆ ಬರಬೇಕು. ಹಾಲು ಕರೆಯುವ ಹಸು ಬೇಸಗೆಯಲ್ಲಿ ದಿನಕ್ಕೆ 80 ಲೀಟರಿಗೂ ಮಿಕ್ಕಿ ಕುಡಿಯುತ್ತದೆ. ಕೊಟ್ಟಿಗೆಯ ಬಾನಿಗೇ ನಡೆದು ಬರಬೇಕೆಂದರೆ ಸಗಣಿಯೆಲ್ಲ ದಾರಿಯಲ್ಲೇ ಬೀಳುತ್ತದೆ. ಕಪ್ಪು ಪೈಪ್ ಎಳೆದು ಎರಡು ಸಿಮೆಂಟ್ ತೊಟ್ಟಿ ಇಟ್ಟರೆ ಸಾಕು.

ಬಯಲುಸೀಮೆಯ ಖುಷ್ಕಿಯಲ್ಲಿ ಏನು ಬಿತ್ತಬೇಕು?

ಮೊದಲ ವರ್ಷ ಏನನ್ನೂ ಬಿತ್ತಬೇಡಿ ಎಂಬುದು ನನ್ನ ಸಲಹೆ. ಒಂದು ಮುಂಗಾರು ಪೂರ್ತಿ ಬಿಡುವು ಕೊಟ್ಟರೆ ಮಣ್ಣಿನಲ್ಲೇ ಮಲಗಿದ್ದ ಬೀಜ ಎದ್ದು ಬರುತ್ತದೆ. ಏನು ಬಂದಿದೆ, ಎಲ್ಲಿ ಬೋಳಾಗಿದೆ ಎಂದು ನೋಡಿಕೊಂಡು ಎರಡನೆಯ ವರ್ಷ ಬೋಳಿಗೆ ಮಾತ್ರ ಬೀಜ ಹಾಕಿ.

ನಮಗೆ ಕೈಹಿಡಿದದ್ದು ಅಂಜನ್ ಹುಲ್ಲು ಮತ್ತು ಸ್ಟೈಲೋ. ಅಂಜನ್ ಬರ ತಡೆಯುತ್ತದೆ, ಬೀಜ ಹತ್ತಿಯಂತೆ ಹಗುರ, ಒದ್ದೆ ಮಣ್ಣಿನಲ್ಲಿ ಕಲಸಿ ಎರಚಬೇಕು, ಇಲ್ಲದಿದ್ದರೆ ಗಾಳಿಪಾಲು. ಸ್ಟೈಲೋ ದ್ವಿದಳ, ಗಾಳಿಯ ಸಾರಜನಕವನ್ನು ನೆಲಕ್ಕೆ ತರುತ್ತದೆ. ಅದರ ಬೀಜದ ಸಿಪ್ಪೆ ಬಹಳ ಗಟ್ಟಿ. ಹಾಗೆಯೇ ಎರಚಿದ ವರ್ಷ ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಂತು. ಕುದಿಯುವ ಮುನ್ನಿನ ಬಿಸಿನೀರಿನಲ್ಲಿ, 80 ಡಿಗ್ರಿಯಲ್ಲಿ, ನಾಲ್ಕು ನಿಮಿಷ ಅದ್ದಿ, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ನೆರಳಿನಲ್ಲಿ ಆರಿಸಿ ಬಿತ್ತಿದಾಗ ಸಾಲು ಹಿಡಿಯಿತು. ಎಕರೆಗೆ ಸಾಲುಬಿತ್ತನೆಗೆ ಎರಡೂವರೆ, ಎರಚಲು ನಾಲ್ಕು ಕಿಲೋ. ಆಳಕ್ಕೆ ಹಾಕಬೇಡಿ, ಮುಳ್ಳುಕಂಟಿ ಎಳೆದರೆ ಮುಚ್ಚುವಷ್ಟು ಮಣ್ಣು ಸಾಕು. ರೋಹಿಣಿ, ಮೃಗಶಿರದಲ್ಲಿ ನೆಲ ಹಸಿಯಾದ ಕೂಡಲೇ ಹಾಕಿ, ಆ ವರ್ಷ ಆ ತಾಕಿಗೆ ದನ ಬಿಡಬೇಡಿ.

ರಾಗಿ ಹೊಲದಲ್ಲಿ ಅಕ್ಕಡಿ ಸಾಲನ್ನು, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಗಳ ಸಾಲನ್ನು, ಮತ್ತೆ ತನ್ನಿ. ಅವರೆ, ಅಲಸಂದೆ, ಜೋಳ, ಹುಚ್ಚೆಳ್ಳು, ಬದಿಗೆ ಹರಳು. ನಮ್ಮ ಅಜ್ಜಿ ಉಡಿಯಲ್ಲಿ ಈ ಬೀಜಗಳನ್ನು ಕಟ್ಟಿಕೊಂಡು ಕೂರಿಗೆಯ ಹಿಂದೆ ನಡೆಯುತ್ತಿದ್ದರು. ಇಂದು ಬಹುಬೆಳೆಯ ಹೊದಿಕೆ ಎಂದು ಪಾಠ ಮಾಡುವುದು ಅದನ್ನೇ. ರಾಗಿ ಕೊಯ್ದ ನಂತರ ತೇವವಿದ್ದರೆ ಹುರುಳಿ ಎರಚಿ, ಕಾಯಿ ಕಟ್ಟದಿದ್ದರೂ ಮೇವಾದರೂ ಆಗುತ್ತದೆ, ಬೇಸಗೆಗೆ ನೆಲ ಬರಿದಾಗುವುದಿಲ್ಲ.

ಮಲೆನಾಡಿಗೆ?

ಹುಲ್ಲಿಗೆ ಅಲ್ಲಿ ಬರವಿಲ್ಲ, ಕಷ್ಟವಿರುವುದು ಹುಳಿ ಮಣ್ಣು ಮತ್ತು ಅತಿ ತೇವದಿಂದ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕದೆ ಬಿತ್ತಿದರೆ ಬಹುತೇಕ ದ್ವಿದಳಗಳು ಸರಿಯಾಗಿ ಏಳುವುದಿಲ್ಲ. ತೆಂಗು, ಅಡಿಕೆಯ ಅರೆನೆರಳಿಗೆ ಗಿನಿ ಹುಲ್ಲು ಒಗ್ಗುತ್ತದೆ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಭಾರದ ಹಸುಗಳನ್ನು ಇಳಿಜಾರಿಗೆ ಬಿಡಬೇಡಿ, ಗೊರಸಿನ ಒಂದು ಗುಳಿ ಮುಂದೆ ಕೊರಕಲಾಗುತ್ತದೆ. ಮಲೆನಾಡು ಗಿಡ್ಡದ ಹಗುರ ಮೈ ಅಲ್ಲಿನ ನೆಲಕ್ಕೆ ಎಷ್ಟು ಸರಿಯಾಗಿದೆ ಎಂಬುದು ಆ ದಿನಗಳಲ್ಲಿ ಅರ್ಥವಾಗುತ್ತದೆ. ಕೊಪ್ಪ, ನರಸಿಂಹರಾಜಪುರ ಕಡೆ ಮಂಗನ ಕಾಯಿಲೆಯ ಉಣ್ಣೆಗಳು ಕಾಡಿನಿಂದ ದನದ ಮೈಮೇಲೆ ಮನೆಗೆ ಬರುತ್ತವೆ. ಬೇಸಗೆಯಲ್ಲಿ ಕಾಡಿಗೆ ದನ ಬಿಡದಿರಲು ಮನೆಯ ಬಳಿಯ ಮೇವೇ ಆಧಾರ.

ಯಾವ ಮರಗಳು?

ಗ್ಲಿರಿಸಿಡಿಯಾ ಮೊದಲು. ಕೊಂಬೆ ನೆಟ್ಟರೆ ಬರುತ್ತದೆ, ಸೊಪ್ಪು ಗೊಬ್ಬರಕ್ಕೂ ಮೇವಿಗೂ ಆಗುತ್ತದೆ. ಹಸು ಮೊದಮೊದಲು ಅದರ ವಾಸನೆಗೆ ಮುಖ ತಿರುಗಿಸುತ್ತದೆ. ಕೊಯ್ದು ಒಂದು ದಿನ ಬಾಡಿಸಿ ಒಣಹುಲ್ಲಿನಲ್ಲಿ ಬೆರೆಸಿ ಕೊಡುತ್ತಾ ಬನ್ನಿ, ಎರಡು ವಾರದಲ್ಲಿ ರೂಢಿಯಾಗುತ್ತದೆ. ಸುಬಾಬುಲ್ ಒಳ್ಳೆಯ ಮೇವು, ಆದರೆ ಅದರಲ್ಲಿ ಮೈಮೋಸಿನ್ ಎಂಬ ವಿಷಕಾರಕವಿದೆ, ಒಟ್ಟು ಮೇವಿನ ಮೂರರಲ್ಲೊಂದು ಪಾಲಿಗಿಂತ ಕಡಿಮೆ ಇರಲಿ. ಬೀಜ ಉದುರಲು ಬಿಟ್ಟರೆ ಹೊಲವೆಲ್ಲ ಅದೇ ಆಗುತ್ತದೆ. ನೆರಳಿಗೆ ಹೊಂಗೆ, ಬೇವು. ಕಾಫಿ ತೋಟದ ಹಾಲುವಾಣದ ಸೊಪ್ಪನ್ನೂ ದನ ತಿನ್ನುತ್ತದೆ. ಕರಿಜಾಲಿ ಇದ್ದರೆ ಕಡಿಯಬೇಡಿ, ಬೇಸಗೆಯಲ್ಲಿ ಅದರ ಕಾಯಿಗೆ ಕುರಿಗಳು ಕಾದು ನಿಲ್ಲುತ್ತವೆ. ಸಸಿಗೆ ಮೂರು ವರ್ಷ ಮುಳ್ಳಿನ ಕಾವಲು ಕಟ್ಟಲೇಬೇಕು.

ಜೋಳ, ಅಲಸಂದೆ ಮೇಯಿಸಿ ದನ ಸತ್ತದ್ದು ಕೇಳಿದ್ದೇನೆ. ನಿಜವೇ?

ನಿಜ. ನಮ್ಮ ಮನೆಯಲ್ಲೇ ಆಗಿದೆ. ಮಳೆ ಇಪ್ಪತ್ತು ದಿನ ಹಿಂದೆಗೆದಿತ್ತು. ಕೊಯ್ದ ಜೋಳದ ಕೂಳೆ ಚಿಗುರಿ ಮೊಣಕಾಲೆತ್ತರ ಬಂದಿತ್ತು, ಬಾಡಿದ್ದರೂ ಹಸಿರು ಹಸಿರಾಗಿ ಕಾಣುತ್ತಿತ್ತು. ಮೇವಿಲ್ಲದ ದಿನ, ಪಾಪ ತಿನ್ನಲಿ ಎಂದು ಹಗ್ಗ ಬಿಚ್ಚಿದ್ದು ನಾನೇ. ಅರ್ಧ ಗಂಟೆಯೊಳಗೆ ಕಡಸು ಏದುಸಿರು ಬಿಡತೊಡಗಿತು, ಕಾಲು ತೊಡರಿ ಬಿತ್ತು. ಪಶುವೈದ್ಯರು ಬರುವಷ್ಟರಲ್ಲಿ ಪ್ರಾಣ ಹೋಗಿತ್ತು. ಎಳೆಯ ಜೋಳದಲ್ಲಿ, ಅದಕ್ಕಿಂತ ಹೆಚ್ಚಾಗಿ ಬರಕ್ಕೆ ಸಿಕ್ಕ ಕೂಳೆ ಚಿಗುರಿನಲ್ಲಿ, ಸಯನೈಡ್ ವಿಷ ಉಂಟಾಗುತ್ತದೆ. ಇದಕ್ಕೆ ಚುಚ್ಚುಮದ್ದು ಇದೆ, ಆದರೆ ನಿಮಿಷಗಳ ಲೆಕ್ಕ. ಹೂ ಬರುವವರೆಗೆ ಜೋಳದ ಹೊಲಕ್ಕೆ ದನ ಬಿಡಬೇಡಿ. ಕೊಯ್ದು ಚೆನ್ನಾಗಿ ಒಣಗಿಸಿದರೆ ಅಥವಾ ರಸಮೇವು (ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಮೇವು, ಸೈಲೇಜ್) ಮಾಡಿದರೆ ವಿಷ ಇಳಿಯುತ್ತದೆ.

ಅಲಸಂದೆ, ಕುದುರೆ ಮಸಾಲೆಯಂತಹ ಎಳೆ ದ್ವಿದಳವನ್ನು ಇಬ್ಬನಿ ಆರುವ ಮುನ್ನ ಹಸಿದ ದನಕ್ಕೆ ಕೊಟ್ಟರೆ ಹೊಟ್ಟೆ ಉಬ್ಬರ ಬರುತ್ತದೆ. ಮೊದಲು ಒಣಹುಲ್ಲು, ಆಮೇಲೆ ಹಸಿರು.

ಸಗಣಿಯನ್ನು ಹೊಲದಲ್ಲೇ ಬಿಟ್ಟರೆ ಒಣಗಿ ಹಾಳಾಗುವುದಿಲ್ಲವೇ?

ಸಗಣಿ ಹುಳುಗಳಿದ್ದರೆ ಹಾಳಾಗುವುದಿಲ್ಲ. ಎರಡನೆಯ ಮಳೆ ಬಿದ್ದ ಮೇಲೆ ನಿನ್ನೆಯ ಸಗಣಿಯನ್ನು ಕಡ್ಡಿಯಿಂದ ಎತ್ತಿ ನೋಡಿ. ಕೆಳಗಿನ ಮಣ್ಣು ಪುಡಿಪುಡಿಯಾಗಿ ಎದ್ದಿರುತ್ತದೆ, ಬೆರಳು ಹೋಗುವಷ್ಟು ತೂತುಗಳಿರುತ್ತವೆ, ಕಪ್ಪು ಮಿರುಗುವ ಹುಳು ಹಿಂಗಾಲಿನಿಂದ ಉಂಡೆ ನೂಕುತ್ತಿರುತ್ತದೆ. ಆ ತೂತಿನಲ್ಲೇ ಮುಂದಿನ ಮಳೆಯ ನೀರು ಇಳಿಯುವುದು. ಗುಳಿ ತೋಡಿ ಗೊಬ್ಬರ ಹೂಳುವ ಕೂಲಿಯನ್ನು ಅದು ಪುಕ್ಕಟೆಯಾಗಿ ಮಾಡುತ್ತದೆ.

ಐವರ್‌ಮೆಕ್ಟಿನ್‌ನಂತಹ ಜಂತುನಾಶಕ ಕೊಟ್ಟ ದನದ ಸಗಣಿಯಲ್ಲಿ ಔಷಧಿಯ ಅಂಶ ಉಳಿದು ಈ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಹಾಗೆಂದು ಔಷಧಿಯೇ ಬೇಡ ಎನ್ನಬೇಡಿ. ಸಗಣಿ ಪರೀಕ್ಷೆ ಮಾಡಿಸಿ, ಬೇಕಾದ ದನಕ್ಕೆ, ಬೇಕಾದಾಗ ಮಾತ್ರ ಪಶುವೈದ್ಯರನ್ನು ಕೇಳಿ ಕೊಡಿ. ಜಂತುಮರಿಗಳು ಹೆಚ್ಚಾಗಿ ಹುಲ್ಲಿನ ಬುಡದಲ್ಲೇ ಇರುವುದರಿಂದ ನಾಲ್ಕು ಬೆರಳು ಬಿಟ್ಟು ಎಬ್ಬಿಸುವುದು ದನದ ಹೊಟ್ಟೆಗೂ ಒಳ್ಳೆಯದು. ಉಣ್ಣೆ ತಿಂಗಳುಗಟ್ಟಲೆ ಕಾದು ಬದುಕುತ್ತದೆ, ತಾಕು ಬದಲಿಸಿದ ಮಾತ್ರಕ್ಕೆ ಹೋಗುವುದಿಲ್ಲ. ಕಾಲುಬಾಯಿ ಜ್ವರ, ಗಳಲೆ, ಚಪ್ಪೆ ರೋಗದ ಲಸಿಕೆಗಳನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಕುರಿ ಇಲ್ಲದವರು ಬೇಸಗೆಯಲ್ಲಿ ಕುರಿಗಾಹಿಗಳನ್ನು ಕರೆದು ಮಂದೆ ಹಾಕಿಸಿ, ಅಂದರೆ ಗೊಬ್ಬರಕ್ಕೆಂದು ರಾತ್ರಿ ಕುರಿಗಳನ್ನು ಹೊಲದಲ್ಲೇ ತಂಗಿಸಿ. ಒಂದೊಂದು ರಾತ್ರಿಗೆ ಒಂದೊಂದು ಜಾಗ ಬದಲಿಸುವಂತೆ ಹೇಳಿ.

ಬೇಸಗೆಯ ಮೇವಿಗೆ ಏನು ದಾರಿ?

ಬೇಸಗೆಯ ಮೇವನ್ನು ಭಾದ್ರಪದದಲ್ಲೇ ಕೂಡಿಡಬೇಕು. ಸುತ್ತಿನಿಂದ ಬಿಟ್ಟ ತಾಕಿನ ಹುಲ್ಲನ್ನು ಹೂ ಬರುವ ಹೊತ್ತಿಗೆ ಕೊಯ್ಯಿರಿ. ಬೀಜ ಬಲಿತ ಮೇಲೆ ಕೊಯ್ದದ್ದು ಬರೀ ಕಡ್ಡಿ. ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟಿದಾಗ ಕತ್ತರಿಸಿ, ಗಾಳಿಯಾಡದಂತೆ ತುಳಿದು ಚೀಲದಲ್ಲೋ ಗುಂಡಿಯಲ್ಲೋ ಮುಚ್ಚಿದರೆ 45 ದಿನದಲ್ಲಿ ರಸಮೇವು ಸಿದ್ಧ. ರಾಗಿ ಹುಲ್ಲಿನ ಬಣವೆಯಂತೂ ಇದ್ದೇ ಇರಬೇಕು.

ಒಣಹುಲ್ಲಿಗೆ ಬೆಂಕಿ ಇಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಸುಟ್ಟರೆ ಮಳೆಗೆ ಹಸಿರು ಬೇಗ ಕಾಣುತ್ತದೆ ಎಂಬುದು ನಿಜ. ಆದರೆ ಮೊದಲ ಬಿರುಮಳೆ ಬರಿ ನೆಲದ ಮೇಲೆ ಬಿದ್ದು, ಬೂದಿಯ ಜೊತೆ ಮೇಲ್ಮಣ್ಣನ್ನೂ ಕೆರೆಗೆ ಒಯ್ಯುತ್ತದೆ. ಆ ನೀರಿನ ಬಣ್ಣ ನೋಡಿದವರು ಮತ್ತೆ ಕಡ್ಡಿ ಗೀರುವುದಿಲ್ಲ.

ಕಾಂಗ್ರೆಸ್ ಗಿಡ, ಲಂಟಾನ ತುಂಬಿದ ನೆಲ ಸರಿಹೋಗುವುದೇ?

ಹೂ ಬಿಡುವ ಮುನ್ನ ಕಿತ್ತು, ತಕ್ಷಣ ಅಲ್ಲಿ ಏನಾದರೂ ಬಿತ್ತಬೇಕು. ಬರಿದಾದ ನೆಲವೇ ಕಾಂಗ್ರೆಸ್ ಗಿಡಕ್ಕೆ ಆಹ್ವಾನ. ಕೀಳುವಾಗ ಕೈಗವಸು ಹಾಕಿ, ಚರ್ಮಕ್ಕೆ ತುರಿಕೆ ತರುತ್ತದೆ. ಲಂಟಾನವನ್ನು ಬುಡದ ಗಡ್ಡೆ ಸಮೇತ ಅಗೆಯದಿದ್ದರೆ ಇಮ್ಮಡಿಯಾಗಿ ಚಿಗುರುತ್ತದೆ. ಅದನ್ನು ತಿಂದ ದನಕ್ಕೆ ಯಕೃತ್ತು ಕೆಟ್ಟು ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಎಷ್ಟು ವರ್ಷಕ್ಕೆ ಫಲ ಕಾಣುತ್ತದೆ? ಮಣ್ಣಿನಲ್ಲಿ ಇಂಗಾಲ ಕೂಡಿಟ್ಟರೆ ಹಣ (ಕಾರ್ಬನ್ ಕ್ರೆಡಿಟ್) ಕೊಡುತ್ತಾರಂತೆ?

ಮೇವಿನಲ್ಲಿ ಎರಡನೆಯ ಮುಂಗಾರಿಗೇ ಕಾಣುತ್ತದೆ. ಮಣ್ಣು ನಿಧಾನ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆ ಇದ್ದರೆ ಕನಿಷ್ಠ, 0.75 ದಾಟಿದರೆ ಉತ್ತಮ. ಕನಿಷ್ಠದಿಂದ ಉತ್ತಮಕ್ಕೆ ಏರಲು ಹಲವು ವರ್ಷ ಬೇಕು. ಮೂರು ವರ್ಷಕ್ಕೊಮ್ಮೆ ಒಂದೇ ಜಾಗದಿಂದ, ಒಂದೇ ತಿಂಗಳಲ್ಲಿ ಮಣ್ಣು ತೆಗೆದು ಹೋಲಿಸಿ. ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ: ತಳ ಕತ್ತರಿಸಿದ ಡಬ್ಬವನ್ನು ನೆಲಕ್ಕೆ ಒತ್ತಿ, ಒಂದು ಲೀಟರ್ ನೀರು ಸುರಿದು, ಇಂಗಲು ಹಿಡಿಯುವ ಹೊತ್ತನ್ನು ಬರೆದಿಡಿ.

ಇಂಗಾಲದ ಹಣ ನಂಬಿ ಇದಕ್ಕೆ ಕೈ ಹಾಕಬೇಡಿ. ಮೇಯಿಕೆಯಿಂದಲೇ ಹವಾಮಾನ ಬದಲಾವಣೆ ನಿಲ್ಲುತ್ತದೆ ಎನ್ನುವ ದೊಡ್ಡ ಮಾತುಗಳನ್ನು ವಿಜ್ಞಾನಿಗಳಲ್ಲಿ ಅನೇಕರು ಒಪ್ಪಿಲ್ಲ. ಅರ್ಥವಾಗದ ಕರಾರಿಗೆ ಸಹಿ ಹಾಕಿ ಪಹಣಿಯ ಪ್ರತಿ ಕೊಟ್ಟುಬಿಡಬೇಡಿ.

ಊರಿನ ಗೋಮಾಳದಲ್ಲಿ ಮಾಡಬಹುದೇ?

ಮಾಡಬಹುದು, ಊರು ಒಪ್ಪಿದರೆ. ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಎಂಬುದು ಭೂಕಂದಾಯ ನಿಯಮಗಳಲ್ಲೇ ಇದೆ. ನಮ್ಮಲ್ಲಿ ಮಾತುಕತೆ ಎರಡು ವರ್ಷ ಮುರಿದುಬಿತ್ತು. ಕುರಿ ಇರುವವರನ್ನು ಕೇಳದೆ ನಾವು ದನದವರೇ ಕೂತು ನಿರ್ಧರಿಸಿದ್ದು ತಪ್ಪಾಗಿತ್ತು. ಮೂರನೆಯ ವರ್ಷ ಅವರನ್ನೇ ಮುಂದೆ ಕೂರಿಸಿಕೊಂಡು, ಗೋಮಾಳದ ನಾಲ್ಕರಲ್ಲೊಂದು ಪಾಲಿಗೆ ಯುಗಾದಿಯಿಂದ ಗೌರಿ ಹಬ್ಬದವರೆಗೆ ಯಾರೂ ಹೋಗಬಾರದು ಎಂದು ಕಟ್ಟು ಮಾಡಿದೆವು. ಬೇಲಿ ಹಾಕಲಿಲ್ಲ. ಮಾತು ಉಳಿಯಿತು.

ಈ ವರ್ಷವೇ ಶುರು ಮಾಡಬೇಕೆಂದಿದ್ದೇನೆ. ಮೊದಲು ಏನು ಮಾಡಲಿ?

ಭರಣಿ ಮಳೆಗೆ ಮುಂಚೆ ನೆಲದ ನಕ್ಷೆ ಬರೆದು, ಇರುವ ಬೇಲಿ, ನೀರು, ನೆರಳು ಗುರುತು ಮಾಡಿ. ಮೊದಲಿಗೆ ನಾಲ್ಕು ತಾಕು ಸಾಕು, ಹದಿನಾಲ್ಕು ಬೇಡ. ಆಗ ಮೂರು ದಿನದ ಲೆಕ್ಕ ಹೊಂದುವುದಿಲ್ಲ, ಗೇಣು ಮತ್ತು ನಾಲ್ಕು ಬೆರಳಿನ ಅಳತೆಯನ್ನೇ ನೋಡಿ. ಮೊದಲ ಮಳೆಗೆ ಹಸಿರು ಕಂಡೊಡನೆ ದನ ಹೊರಗೆ ಬಿಡುವ ಆಸೆಯನ್ನು ತಡೆದುಕೊಳ್ಳಿ. ಹುಲ್ಲು ಬೆಳೆಯಲು ಬೇಕಾದ ಆ ಮೂರು ವಾರಕ್ಕೆಂದೇ ಒಂದಿಷ್ಟು ರಾಗಿ ಹುಲ್ಲನ್ನು ಬಣವೆಯಲ್ಲಿ ಉಳಿಸಿಟ್ಟಿರಬೇಕು. ಗೇಣುದ್ದ ಬಂದ ತಾಕಿಗೆ ಮೊದಲು ಬಿಡಿ. ದನ ಬಿಟ್ಟ ದಿನ, ಎಬ್ಬಿಸಿದ ದಿನ ಎರಡನ್ನೂ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲೇ ಬರೆಯಿರಿ. ಬೀಜ, ಮಣ್ಣು ಪರೀಕ್ಷೆಯ ಸಲಹೆಗೆ ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ಚಿಕ್ಕಮಗಳೂರಿನವರು ಮೂಡಿಗೆರೆಯದಕ್ಕೆ ಹೋಗಿ ಬನ್ನಿ. ಹೋಗುವಾಗ ನಿಮ್ಮ ಹೊಲದ ಹುಲ್ಲನ್ನು ಬೇರು ಸಮೇತ ಒಂದೆರಡು ಬುಡ ಕಿತ್ತು ಕಾಗದದಲ್ಲಿ ಸುತ್ತಿಕೊಂಡು ಹೋಗಿ.